ಮಣಿ ಸುಮ್ಮನಿದ್ದ ಹದಿನಾಲ್ಕು ನಿಮಿಷ

ಸಿಡಿಲು ಬೀಳುವ ಜಾಗ ಏಳು ನಿಮಿಷ ಮುಂಚೆಯೇ ತಿಳಿದುಬಿಟ್ಟರೆ ಹೇಗೆ ಎಂದು ಯಾರೋ ಎಲ್ಲೋ ಕೂತು ಯೋಚಿಸಿದ್ದರಿಂದ ನಮ್ಮ ಬೋಳಗುಡ್ಡದ ಮೇಲೆ ರೇಡಾರು ಬಂತು. ಅದರ ಟ್ರಾನ್ಸ್‌ಮಿಟರಿಗೆ ಕರೆಂಟು ಒದಗಿಸುವ ಕೋಣೆಗೆ ನಾನು ಮೇಲ್ವಿಚಾರಕಿ. ಹೆಸರು ನೀಲಗಂಗಾ. ಇಳಕಲ್ಲಿನಲ್ಲಿ ಹುಟ್ಟಿ, ಬಾಗಲಕೋಟೆಯಲ್ಲಿ ಡಿಪ್ಲೊಮಾ ಮುಗಿಸಿ, ಹದಿನೆಂಟು ವರ್ಷ ಅಲ್ಲಿ ಇಲ್ಲಿ ಹೈವೋಲ್ಟೇಜ್ ಕೆಲಸ ಮಾಡಿ, ಕೊನೆಗೆ ಮುದಗಲ್ಲಿನ ಆಚೆಗಿರುವ ಈ ಗುಡ್ಡಕ್ಕೆ ಬಂದವಳು.

ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಮೋಡ ಕಟ್ಟಿತೆಂದರೆ ಹೊಲದಲ್ಲಿದ್ದವರ ಎದೆ ಹೊಡೆದುಕೊಳ್ಳುತ್ತದೆ. ಮಳೆ ನಾಲ್ಕು ಹನಿ, ಸಿಡಿಲು ಹತ್ತು. ಕುರಿ ಮೇಯಿಸುವವರು, ಕಳೆ ತೆಗೆಯುವ ಹೆಂಗಸರು, ಬೇವಿನ ನೆರಳಲ್ಲಿ ಬುತ್ತಿ ಬಿಚ್ಚಿ ಕೂತವರು, ಪ್ರತಿ ವರ್ಷ ಇಂಥವರೇ ಹೋಗುತ್ತಿದ್ದರು. ಪತ್ರಿಕೆಯ ಒಳಪುಟದಲ್ಲಿ ಎರಡು ಸಾಲು ಬರುತ್ತಿತ್ತು, ಅಷ್ಟೆ.

ಗುಡುಗುಮೋಡದ ಹೊಟ್ಟೆಯಲ್ಲಿ ಹಿಮದ ಸಣ್ಣ ಸೂಜಿಗಳಿರುತ್ತವೆ. ಮೋಡದೊಳಗೆ ವಿದ್ಯುತ್ತು ಹೆಚ್ಚಿದಂತೆ ಆ ಸೂಜಿಗಳೆಲ್ಲ ಒಂದೇ ದಿಕ್ಕಿಗೆ ತಲೆಮಾಡಿ ನಿಲ್ಲುತ್ತವೆ. ಸಿಡಿಲು ಬಿದ್ದ ಕೂಡಲೇ ಬಿಗಿ ತಪ್ಪಿ ಮತ್ತೆ ಚೆದುರುತ್ತವೆ. ಎಲ್ಲಿ ಎಷ್ಟು ಬಿಗಿದಿವೆ ಎಂದು ನೋಡುತ್ತಾ ಹೋದರೆ ಸಿಡಿಲು ಯಾವ ಹೊಲಕ್ಕೆ ಇಳಿಯುತ್ತದೆಂದು ಲೆಕ್ಕ ಹಾಕಬಹುದು. ಬೋಳಗುಡ್ಡದ ರೇಡಾರು ಸೂಜಿಗಳನ್ನು ನೋಡುತ್ತಿತ್ತು. ಬೇರೆ ಊರಲ್ಲಿದ್ದ ಗಣಕಯಂತ್ರ ಲೆಕ್ಕ ಹಾಕುತ್ತಿತ್ತು. ಆ ಜಾಗದ ಮುನ್ನೂರು ಹೆಜ್ಜೆಯೊಳಗೆ ಇದ್ದವರ ಕೊರಳಿನ ಮಣಿ ಕೂಗುತ್ತಿತ್ತು. ಹುಣಸೆಬೀಜದಷ್ಟು ದೊಡ್ಡದು, ಕರಿದಾರದಲ್ಲಿ ಕಟ್ಟಿದ್ದು. ಸರ್ಕಾರದ ಕಾಗದದಲ್ಲಿ ಅದಕ್ಕೆ ಉದ್ದದ ಹೆಸರಿತ್ತು. ಜನ ಅದನ್ನು ಸಿಡಿಲಮಣಿ ಎಂದರು.

ಮಣಿಯನ್ನು ಊರೂರಿಗೆ ಹಂಚಿದವರು ನನ್ನ ಗಂಡ ಶರಣಬಸಪ್ಪ. ಮೊದಲು ಚಿತ್ರಕಲೆಯ ಮಾಸ್ತರಾಗಿದ್ದರು. ಯೋಜನೆಗೆ ಜನರ ನಡುವೆ ಓಡಾಡುವವರು ಬೇಕೆಂದಾಗ ಸೇರಿಕೊಂಡರು. ನೂರಾನಲವತ್ತು ಹಳ್ಳಿಗಳ ಗೋಡೆಗಳ ಮೇಲೆ ತಮ್ಮ ಕೈಯಿಂದಲೇ ಬರೆದರು: “ಮಣಿ ಕೂಗಿದರೆ ಓಡಿರಿ. ಮಣಿ ಸುಮ್ಮನಿದ್ದರೆ ದುಡಿಯಿರಿ.”

ಎರಡು ವರ್ಷ ನಮ್ಮ ಸರಹದ್ದಿನಲ್ಲಿ ಸಿಡಿಲಿಗೆ ಒಬ್ಬರೂ ಸಾಯಲಿಲ್ಲ. ಜನರ ನಡವಳಿಕೆಯೇ ಬದಲಾಯಿತು. ಮೊದಲೆಲ್ಲ ದೂರದಲ್ಲಿ ಗುಡುಗಿದರೆ ಸಾಕು, ಹೊಲಕ್ಕೆ ಹೊಲವೇ ಖಾಲಿಯಾಗುತ್ತಿತ್ತು. ಈಗ ತಲೆಯ ಮೇಲೆ ಕಾಡಿಗೆಯಂಥ ಮೋಡವಿದ್ದರೂ ಹೆಂಗಸರು ಬಗ್ಗಿದ ಸೊಂಟ ಎತ್ತುತ್ತಿರಲಿಲ್ಲ. ಯಾರಾದರೂ ಎದ್ದರೆ ಹೊಲದ ಒಡೆಯನೇ ಕೇಳುತ್ತಿದ್ದ, “ಮಣಿ ಕೂಗಿಲ್ಲಲ್ಲ, ಯಾಕ ಎದ್ದೀರಿ?”

ಗುಡ್ಡದ ಬುಡದ ಹಿರೇಜಾಲಿಯಲ್ಲಿ ನಮ್ಮ ಬಾಡಿಗೆ ಮನೆ. ಪಕ್ಕದ ಮನೆ ಹಾಲವ್ವನದು. ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಗಂಡ ಅಮೋಘಸಿದ್ಧ ಕುರಿ ಕಾಯುವವನು, ಮಾತು ಕಡಿಮೆ. ಹಾಲವ್ವ ಕೂಲಿಗೆ ಹೋಗುತ್ತಿದ್ದಳು. ದಿನಾ ಬೆಳಿಗ್ಗೆ ಒಂದು ತಂಬಿಗೆ ಮೊಸರು ತಂದು ನಮ್ಮ ಕಟ್ಟೆಯ ಮೇಲಿಟ್ಟು, ಐದು ನಿಮಿಷ ಕೂತು ಹೋಗುವುದು ಅವಳ ರೂಢಿ.

“ಅಕ್ಕಾರ, ನೀವು ಅಲ್ಲಿ ಮ್ಯಾಲ ಏನ್ ಮಾಡ್ತೀರಿ ಖರೇವಂದ್ರ?” ಎಂದು ಒಂದು ದಿನ ಕೇಳಿದಳು. “ಮೋಡ ನೋಡ್ತೀರೇನು?”

“ಮೋಡ ನೋಡೋರು ಬೇರೆ. ನಾನು ನೋಡೋದಕ್ಕೆ ಬೇಕಾದ ಶಕ್ತಿ ಕೊಡ್ತೀನಿ,” ಎಂದೆ.

ಅವಳಿಗೆ ಅದು ಸಾಲಲಿಲ್ಲ. ನಾನು ಎದುರಿನ ಗೋಡೆಯನ್ನೂ ಬೀದಿಯ ನಲ್ಲಿಯನ್ನೂ ತೋರಿಸಿದೆ. ಅದರಲ್ಲಿ ನೀರು ಯಾವಾಗಲೂ ನೂಲಿನಷ್ಟೇ.

“ಈ ಧಾರೆ ಹಿಡಿದು ಆ ಗ್ವಾಡಿಗೆ ಎರಚು ಅಂದ್ರ ಆಗ್ತದೇನು? ಆಗಂಗಿಲ್ಲ. ಆದ್ರ ಕೊಡ ಇಟ್ಟು ತುಂಬೋತನಕ ಕಾದು, ಪೂರ್ತಿ ಕೊಡಾನ ಒಮ್ಮೆಲೆ ಬಗ್ಗಿಸಿದ್ರ?”

“ಗ್ವಾಡಿ ತೊಯ್ಸಿ ಆಚೀಗೂ ಹೋಗ್ತದ.”

“ನಮ್ಮ ಕೋಣೆಯೊಳಗೂ ಅದೇ. ಲೈನಿನಿಂದ ಬರೋದು ಈ ನಲ್ಲಿಯಷ್ಟು ಕರೆಂಟು. ಅದನ್ನ ದೊಡ್ಡ ಡಬ್ಬಿಯಾಗ ತುಂಬಿಕೊಂಡು ಫಕ್ಕನೆ ಬಗ್ಗಿಸ್ತೀವಿ. ಆ ಪೆಟ್ಟು ಮೋಡ ಮುಟ್ಟಿ ತಿರುಗಿ ಬರ್ತದ. ಒಂದು ಸೆಕೆಂಡಿಗೆ ಸಾವಿರ ಸಲ ತುಂಬೋದು, ಸಾವಿರ ಸಲ ಬಗ್ಗಿಸೋದು.”

ಹಾಲವ್ವ ನಕ್ಕಳು. “ಸಾವಿರ ಕೊಡ? ನಿಮ್ಮ ಸೊಂಟ ಉಳೀತೇನ್ರಿ?”

ಅವಳಿಗೆ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಕೆಳಗಿನಿಂದ ಬರುವ ಕರೆಂಟನ್ನು ಎಣ್ಣೆಯಲ್ಲಿ ಮುಳುಗಿದ ಟ್ರಾನ್ಸ್‌ಫಾರ್ಮರು ಮೂವತ್ತೈದು ಸಾವಿರ ವೋಲ್ಟಿಗೆ ಏರಿಸುತ್ತಿತ್ತು. ಅಲ್ಲಿಂದ ಒಂದೇ ದಿಕ್ಕಿನ ಕರೆಂಟಾಗಿ ಸಾಲು ಕೆಪಾಸಿಟರುಗಳೊಳಗೆ ಸೇರುತ್ತಿತ್ತು. ಸ್ವಿಚ್ಚು ಹಾಕಿದಾಗ ಅಷ್ಟೂ, ರೇಡಾರಿನ ಅಲೆ ಹುಟ್ಟಿಸುವ ನನ್ನೆತ್ತರದ ಒಂದು ಟ್ಯೂಬಿನೊಳಗೆ ಬೀಳುತ್ತಿತ್ತು. ಇಡೀ ದಿನದ ಮೇಲೆ ನೋಡಿದರೆ ನಾವು ಬಳಸುವುದು ಒಂದು ಹಿಟ್ಟಿನ ಗಿರಣಿಯಷ್ಟು. ಆದರೆ ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲಿನಷ್ಟು ಹೊತ್ತಿನಲ್ಲಿ ಒಂದು ಪಟ್ಟಣಕ್ಕೆ ಸಾಲುವಷ್ಟು ಶಕ್ತಿ ಆ ಟ್ಯೂಬಿನೊಳಗೆ ಹಾಯುತ್ತಿತ್ತು. ಪ್ರತಿ ಪೆಟ್ಟೂ ಹಿಂದಿನದಕ್ಕೆ ಸರಿಸಮ ಇರಬೇಕು. ಸಪ್ಲೈ ಕೂದಲೆಳೆಯಷ್ಟು ನಡುಗಿದರೂ ತೆರೆಯ ಮೇಲೆ ಮೋಡವೇ ನಡುಗಿದಂತೆ ಕಾಣುತ್ತದೆ, ಲೆಕ್ಕ ಕೆಡುತ್ತದೆ.

ಆ ಟ್ಯೂಬಿನೊಳಗೆ ಒಮ್ಮೊಮ್ಮೆ ಕಿಡಿ ಹಾರುತ್ತದೆ. ಆಗ ಕೆಪಾಸಿಟರಿನಲ್ಲಿರುವುದೆಲ್ಲ ಅತ್ತಲೇ ನುಗ್ಗಿದರೆ ಟ್ಯೂಬು ಕರಗಿಹೋಗುತ್ತದೆ. ಹಾಗಾಗದಂತೆ ಸಪ್ಲೈಗೆ ಅಡ್ಡಲಾಗಿ ಒಂದು ಏರ್ಪಾಡು ಇರುತ್ತದೆ. ಕಿಡಿ ಕಂಡ ಕ್ಷಣವೇ ಅದು ಇಡೀ ಶಕ್ತಿಯನ್ನು ನೆಲಕ್ಕೆ ಸುರಿದುಬಿಡುತ್ತದೆ. ನಾವು ಅದನ್ನು ಹಾರೆ ಎನ್ನುತ್ತಿದ್ದೆವು, ತಂತಿಗಳ ಮೇಲೆ ಕಬ್ಬಿಣದ ಹಾರೆ ಎಸೆದ ಹಾಗೆ ಎಂಬ ಅರ್ಥದಲ್ಲಿ. ಹಾರೆ ಬಿದ್ದರೆ ಢಂ ಎಂದು ಸದ್ದಾಗಿ, ಎರಡು ಸೆಕೆಂಡಿನಲ್ಲಿ ಎಲ್ಲ ಮತ್ತೆ ತುಂಬಿಕೊಳ್ಳುತ್ತಿತ್ತು. ಒಂದೇ ನಿಮಿಷದಲ್ಲಿ ಮೂರು ಸಲ ಬಿದ್ದರೆ ಮಾತ್ರ ಸಪ್ಲೈ ತಾನಾಗಿ ಬೀಗ ಹಾಕಿಕೊಳ್ಳುತ್ತದೆ. ಮನುಷ್ಯರೇ ಹೋಗಿ ತೆರೆಯಬೇಕು.

ಇನ್ನೊಂದು ವಸ್ತು ಇತ್ತು. ನಮ್ಮ ಯಂತ್ರ ಮೂಲದಲ್ಲಿ ಸೇನೆಗೆಂದು ರೂಪಿಸಿದ ಮಾದರಿ. ಸೇನೆಯ ರೇಡಾರಿಗೆ ಒಂದು ಕೀಲಿ ಇರುತ್ತದೆ. ಅದನ್ನು ತಿರುಗಿಸಿದರೆ ಹಾರೆಯೂ ಇಲ್ಲ, ಬೀಗವೂ ಇಲ್ಲ. ವೈರಿ ಮೇಲೆ ಬಂದಾಗ ಯಂತ್ರ ಸುಟ್ಟರೂ ಚಿಂತೆಯಿಲ್ಲ, ಕಣ್ಣು ಮುಚ್ಚಬಾರದು ಎನ್ನುವುದಕ್ಕೆ ಇಟ್ಟದ್ದು. ನಮ್ಮ ಫಲಕದ ಮೇಲೆ ಅದಕ್ಕೆ ಸೀಸದ ಮುದ್ರೆ ಒತ್ತಿದ್ದರು. ಯುದ್ಧದ ಕೀಲಿ ಎಂದೇ ಕರೆಯುತ್ತಿದ್ದೆವು. ಅದನ್ನು ಯಾರೂ ಮುಟ್ಟಿರಲಿಲ್ಲ.

ಮೇ ಹನ್ನೊಂದು. ಮಧ್ಯಾಹ್ನ ಮೂರು ದಾಟಿತ್ತು. ಕೇಂದ್ರದ ಮುಖ್ಯಸ್ಥರಾದ ಕೆರೂರ ಸರ್ ರಾಯಚೂರಿನ ಸಭೆಗೆ ಹೋಗಿದ್ದರು. ಪಶ್ಚಿಮದಲ್ಲಿ ಎದ್ದ ಮೋಡ ಹಿರೇಜಾಲಿಯ ಕಡೆಗೆ ಬರುತ್ತಿತ್ತು. ಲೈನಿನ ವೋಲ್ಟೇಜು ಏರುಪೇರಾಗುತ್ತಿತ್ತು. ಮೂರು ಇಪ್ಪತ್ತೆರಡಕ್ಕೆ ಹಾರೆ ಬಿತ್ತು. ಮತ್ತೆ ತುಂಬಿತು. ಮತ್ತೆ ಬಿತ್ತು. ಮೂರನೆಯ ಸಲಕ್ಕೆ ಇಡೀ ಕಟ್ಟಡದ ಕರೆಂಟೇ ಹೋಗಿ ಪಂಖಾಗಳು ನಿಂತವು. ನಲವತ್ತು ಸೆಕೆಂಡಿಗೆ ಜನರೇಟರು ಹೊತ್ತಿಕೊಂಡಿತು. ಆದರೆ ಸಪ್ಲೈ ಬೀಗ ಹಾಕಿಕೊಂಡಿತ್ತು.

ಟ್ಯೂಬಿನ ಬುಡದಲ್ಲಿ ಕಾದು ಕೆಂಪಾಗಿರಬೇಕಾದ ಒಂದು ಭಾಗವಿದೆ. ಕರೆಂಟು ಹೋದಾಗ ಅದು ಆರತೊಡಗಿತ್ತು. ಸರಿಯಾಗಿ ಕಾಯದೆ ಮೂವತ್ತೈದು ಸಾವಿರ ವೋಲ್ಟು ಬಿಟ್ಟರೆ ಅದರ ಮೈ ಸುಲಿದುಹೋಗುತ್ತದೆ. ಅದಕ್ಕೇ ಅದು ಕಾಯುವವರೆಗೆ ಸಪ್ಲೈ ತಡೆಯುವ ಫಲಕದ ಗಡಿಯಾರ ಹನ್ನೆರಡು ನಿಮಿಷಕ್ಕೆ ಹೊಂದಿಕೊಂಡು ಹಿಂದಕ್ಕೆ ಎಣಿಸತೊಡಗಿತು. ನೆಲಕ್ಕೆ ತಂತಿ ಕಟ್ಟಿದ ಅರ್ಥಿಂಗ್ ಕೋಲಿನಿಂದ ಕೆಪಾಸಿಟರುಗಳನ್ನು ಮುಟ್ಟಿ ಖಾಲಿ ಮಾಡಿ, ನೋಡಿ, ಬೀಗ ತೆರೆಯುವುದು ಆ ಹನ್ನೆರಡರೊಳಗೇ ಆಗಬೇಕು. ಮೊದಲ ಹಾರೆ ಬಿದ್ದಲ್ಲಿಂದ ಆಗಲೇ ಎರಡು ನಿಮಿಷ ಹೋಗಿತ್ತು. ಒಟ್ಟು ಹದಿನಾಲ್ಕು.

ಮಣಿಗಳನ್ನು ಕೂಗಿಸುವ, ಗಣಕಯಂತ್ರವಿದ್ದ ಊರಿಗೆ ಫೋನು ಮಾಡಿದೆ. “ರೇಡಾರು ನಿಂತಿದೆ. ಎಲ್ಲ ಮಣಿಗಳನ್ನೂ ಒಟ್ಟಿಗೆ ಬಾರಿಸಿ,” ಎಂದೆ.

“ಅದಕ್ಕೆ ಮೇಲಿನವರ ಆದೇಶ ಬೇಕು ಮೇಡಂ. ನೂರಾನಲವತ್ತು ಹಳ್ಳಿಗೆ ಸುಳ್ಳು ಕೂಗು ಹೋದರೆ ನಾಳೆ ಯಾರೂ ನಂಬೋದಿಲ್ಲ. ಕೇಳಿ ಹೇಳ್ತೀನಿ, ಲೈನಿನಲ್ಲಿರಿ,” ಎಂದ ಆ ಕಡೆಯವನು. ಲೈನಿನಲ್ಲೇ ಇದ್ದೆ. ಅವನು ತಿರುಗಿ ಬರಲಿಲ್ಲ.

ಇನ್ನೊಂದು ಫೋನಿನಿಂದ ಶರಣಬಸಪ್ಪನವರಿಗೆ ಮಾಡಿದೆ. ಅವರು ಇಪ್ಪತ್ತು ಮೈಲಿ ಆಚೆ ಇದ್ದರು. ಒಂದೇ ಮಾತಿಗೆ ಅರ್ಥ ಮಾಡಿಕೊಂಡು, “ಗೊತ್ತಿದ್ದೋರಿಗೆಲ್ಲ ಹೇಳ್ತೀನಿ, ನೀ ಇಡು,” ಎಂದರು. ಹಾಲವ್ವನ ನಂಬರಿಗೆ ನಾನೇ ಮೂರು ಸಲ ಮಾಡಿದೆ. ರಿಂಗಾಗುತ್ತಲೇ ಇತ್ತು. ಅವಳ ಫೋನು ಮನೆಯಲ್ಲಿ ಚಾರ್ಜಿಗೆ ಹಾಕಿದ್ದಳೆಂದು ಆಮೇಲೆ ತಿಳಿಯಿತು.

ಉಳಿದದ್ದು ಕೀಲಿ. ಅದರ ಮುಂದೆ ಹೋಗಿ ನಿಂತೆ. ಸೀಸದ ಮುದ್ರೆಯ ಮೇಲೆ ಹೆಬ್ಬೆರಳು ಇಟ್ಟೆ. ಈಗಲೇ ತಿರುಗಿಸಿದರೆ ಗಡಿಯಾರಕ್ಕೆ ಕಾಯದೆ ಎರಡು ನಿಮಿಷದಲ್ಲಿ ತೆರೆಯ ಮೇಲೆ ಮೋಡ ಬರುತ್ತದೆ. ಟ್ಯೂಬು ಇನ್ನೂ ಪೂರ್ತಿ ಆರಿಲ್ಲ. ತಡೆದುಕೊಂಡೀತು, ಅಥವಾ ಆ ಕ್ಷಣವೇ ಸತ್ತೀತು. ಸತ್ತರೆ ಹೊಸದು ಬರಲು ನಾಲ್ಕು ತಿಂಗಳು. ಮೇ, ಜೂನ್, ಜುಲೈ, ಆಗಸ್ಟ್. ಕೊರಳಲ್ಲಿ ಮಣಿ ಕಟ್ಟಿಕೊಂಡು, ಗುಡುಗಿಗೆ ಹೆದರುವುದನ್ನು ಮರೆತುಬಿಟ್ಟ ನೂರಾನಲವತ್ತು ಹಳ್ಳಿಯ ಜನ. ಒಂದು ಕಡೆ ಹದಿನಾಲ್ಕು ನಿಮಿಷ, ಇನ್ನೊಂದು ಕಡೆ ನಾಲ್ಕು ತಿಂಗಳು.

ಹೆಬ್ಬೆರಳು ತೆಗೆದೆ. ಕೋಲು ಹಿಡಿದು ಒಳಗೆ ಹೋದೆ. ನಿಯಮದಂತೆ ಪ್ರತಿ ಕೆಪಾಸಿಟರನ್ನೂ ಎರಡೆರಡು ಸಲ ಮುಟ್ಟಿದೆ. ಖಾಲಿ ಮಾಡಿದ ಮೇಲೂ ಅದು ಸ್ವಲ್ಪ ಹೊತ್ತಿಗೆ ತಾನಾಗಿಯೇ ತುಸು ತುಂಬಿಕೊಳ್ಳುತ್ತದೆ, ಅದಕ್ಕೆ ಎರಡು ಸಲ. ಹೊರಗೆ ಬಂದು ಬೀಗ ತೆರೆದು, ಗಡಿಯಾರದ ಮುಂದೆ ಕೂತೆ. ಆಚೆ ಗುಡುಗುತ್ತಿತ್ತು. ಒಂದು ಗುಡುಗಿಗೆ ಕಿಟಕಿಯ ಗಾಜು ಅದುರಿತು. ಆಗ ಗಡಿಯಾರದಲ್ಲಿ ಐದು ನಿಮಿಷ ಉಳಿದಿತ್ತು.

ಮೂರು ಮೂವತ್ತಾರಕ್ಕೆ ಸಪ್ಲೈ ಏರಿತು. ತೆರೆಯ ಮೇಲೆ ಹಿರೇಜಾಲಿಯ ಮೋಡ ಮೂಡಿತು. ಸೂಜಿಗಳೆಲ್ಲ ಚೆದುರಿ ಸಡಿಲವಾಗಿದ್ದವು. ಅದನ್ನು ನೋಡಿ ನಾನು ಉಸಿರು ಬಿಟ್ಟೆ, ಏನೂ ಇಲ್ಲ ಎಂದುಕೊಂಡೆ. ಸಿಡಿಲು ಬಿದ್ದು ಮುಗಿದ ಮೇಲೂ ಮೋಡ ಹಾಗೆಯೇ ಇರುತ್ತದೆ ಎನ್ನುವುದು ಒಂದು ಕ್ಷಣ ನೆನಪಾಗಲಿಲ್ಲ.

ಈರುಳ್ಳಿ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಮೂವರು ಹೆಂಗಸರು ಹೋಗಿದ್ದರು. ಮೂರು ಮೂವತ್ತೊಂದಕ್ಕೆ. ಅವರಲ್ಲಿ ಹಾಲವ್ವ ಒಬ್ಬಳು.

ನಾನು ಕೆಳಗಿಳಿದು ಬಂದಾಗ ನಮ್ಮ ಓಣಿಯಲ್ಲಿ ನಿಲ್ಲಲು ಜಾಗವಿರಲಿಲ್ಲ. ಶರಣಬಸಪ್ಪ ಆಗಲೇ ಬಂದಿದ್ದರು. ಮೂರು ಹೆಣಗಳನ್ನು ಟ್ರ್ಯಾಕ್ಟರಿನಿಂದ ಇಳಿಸುವಾಗ ಅವರೂ ಕೈಕೊಟ್ಟಿದ್ದರು. ಹಾಲವ್ವನ ಕೊರಳಲ್ಲಿ ಮಣಿ ಹಾಗೇ ಇತ್ತು, ಸುಟ್ಟಿರಲಿಲ್ಲ. ಅಮೋಘಸಿದ್ಧ ಗೋಡೆಗೆ ಒರಗಿ ಕೂತಿದ್ದ. ಅಳುತ್ತಿರಲಿಲ್ಲ. ನನ್ನನ್ನು ನೋಡಿದ, ಮತ್ತೆ ತಲೆ ಬಗ್ಗಿಸಿದ.

ಮಣ್ಣು ಮುಗಿಸಿ ಬಂದ ಮೇಲೆ ಮನೆಯಲ್ಲಿ ನಾವಿಬ್ಬರೇ. ಇಬ್ಬರೂ ಏನೂ ತಿನ್ನಲಿಲ್ಲ. ಅವರು ಕೇಳಿದರು.

“ಬ್ಯಾರೆ ಏನೂ ದಾರಿ ಇರಲಿಲ್ಲೇನು?”

ಹದಿನೇಳು ವರ್ಷದ ಸಂಸಾರದಲ್ಲಿ ಅವರಿಗೆ ಸುಳ್ಳು ಹೇಳಿರಲಿಲ್ಲ. “ಒಂದು ಕೀಲಿ ಇತ್ತು,” ಎಂದೆ. ಎಲ್ಲ ಬಿಡಿಸಿ ಹೇಳಿದೆ.

ಅವರು ಪೂರ್ತಿ ಕೇಳಿದರು. “ಹಂಗಂದ್ರ ಕೀಲಿ ನಿನ್ನ ಕೈಯಾಗೇ ಇತ್ತು.”

“ತಿರುಗಿಸಿದ್ರ ಟ್ಯೂಬು ಹೋಗ್ತಿತ್ತು.”

“ಹೋಗ್ತಿತ್ತೋ, ಹೋಗಬಹುದಿತ್ತೋ?”

“ಹೋಗಬಹುದಿತ್ತು.”

“ಮಣಿ ಸುಮ್ಮನಿದ್ರ ದುಡೀರಿ ಅಂತ ನಾ ಬರದೀನಿ, ನೀಲಾ. ನನ್ನ ಕೈಲೇ ಬರದೀನಿ. ಆ ಹೊಲದ ದಾರಿಯಾಗಿನ ಗ್ವಾಡೀ ಮ್ಯಾಲೂ ಐತಿ.” ಅವರ ದನಿ ಏರಲಿಲ್ಲ. “ಅವರು ಅದನ್ನ ಓದಿಕೊಂಡು ಹೋಗಿ ಕಳೀಗೆ ಬಗ್ಗ್ಯಾರ.”

“ನಾಲ್ಕು ತಿಂಗಳು ಎಲ್ಲಾ ಊರು ಕುರುಡಾಗಿದ್ರ ಎಷ್ಟು ಮಂದಿ ಹೋಗ್ತಿದ್ರು, ಅದನ್ನೂ ಲೆಕ್ಕ ಹಾಕ್ರಿ.”

“ನಾ ಲೆಕ್ಕದ ಮನಷ್ಯಾ ಅಲ್ಲ,” ಎಂದರು.

ಮರುದಿನದಿಂದ ಅವರು ಸುಣ್ಣದ ಡಬ್ಬಿ, ಬ್ರಷ್ಷು ಗಾಡಿಗೆ ಕಟ್ಟಿಕೊಂಡು ಹೋಗಿ ತಾವು ಬರೆದದ್ದನ್ನೆಲ್ಲ ಅಳಿಸತೊಡಗಿದರು. ನೂರಾನಲವತ್ತು ಹಳ್ಳಿ ಮುಗಿಯುವಾಗ ದೀಪಾವಳಿ ಬಂದಿತ್ತು. ಅಲ್ಲಿಯವರೆಗೂ ನಮ್ಮ ನಡುವೆ ಊಟಕ್ಕೆ ಬಾ, ಬಾಗಿಲು ಹಾಕು ಎನ್ನುವಷ್ಟೇ ಮಾತು. ನಾನು ಡ್ಯೂಟಿಯಲ್ಲಿದ್ದಾಗ ದಿನಕ್ಕೊಮ್ಮೆ ಫೋನು ಮಾಡುವುದು ಅವರ ರೂಢಿಯಾಗಿತ್ತು. ಅದು ನಿಂತುಹೋಯಿತು.

ಜೂನಿನಲ್ಲಿ ವಿಚಾರಣೆಗೆ ಮೂವರು ಅಧಿಕಾರಿಗಳು ಬಂದರು. ಟ್ಯೂಬನ್ನು ಪರೀಕ್ಷಿಸಿದರು. ಒಳಗೆ ಸ್ವಲ್ಪ ಗಾಳಿ ಸೋರಿತ್ತು, ಅದಕ್ಕೇ ಕಿಡಿ. ಕೀಲಿ ತಿರುಗಿಸಿದ್ದರೆ ಏನಾಗುತ್ತಿತ್ತು ಎಂದು ನಾನೇ ಕೇಳಿದೆ. ಅವರಲ್ಲಿ ಹಿರಿಯರು ಹೇಳಿದರು, “ಒಂದು ನಿಮಿಷ ನಡೆದು ಸುಟ್ಟುಹೋಗುತ್ತಿತ್ತೋ, ಇಪ್ಪತ್ತು ನಿಮಿಷ ನಡೆಯುತ್ತಿತ್ತೋ, ಯಾರೂ ಹೇಳಲಾರರಮ್ಮ. ನೀವು ಮಾಡಿದ್ದು ಸರಿ.” ಯಂತ್ರವನ್ನು ಉಳಿಸಿದ್ದಕ್ಕೆ ಮೆಚ್ಚುಗೆ ಪತ್ರ ಬಂತು. ಅದನ್ನು ಓದಿ ಕಪಾಟಿನ ತಳದಲ್ಲಿಟ್ಟೆ.

ಆ ಮಳೆಗಾಲದಲ್ಲಿ ಮಣಿ ಕೂಗಿ, ಜನ ಓಡಿ, ಅವರು ಬಿಟ್ಟುಹೋದ ಜಾಗಕ್ಕೇ ಸಿಡಿಲು ಬಿದ್ದದ್ದು ಅರವತ್ತೊಂದು ಸಲ. ಕೆರೂರ ಸರ್ ಆ ಪಟ್ಟಿಯನ್ನು ನನ್ನ ಮುಂದಿಟ್ಟು, “ಇವರೆಲ್ಲ ನಿನ್ನಿಂದ ಬದುಕಿದೋರು ನೀಲಗಂಗಾ, ಇದನ್ನ ಮರೀಬ್ಯಾಡ,” ಎಂದರು. ಅವರು ಒಳ್ಳೆಯವರು, ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಪಟ್ಟಿಯಲ್ಲಿ ಹೊಲಗಳ ಸರ್ವೆ ನಂಬರು ಇತ್ತು. ಹೆಸರುಗಳಿರಲಿಲ್ಲ. ನನಗೆ ಗೊತ್ತಿದ್ದವು ಮೂರು ಹೆಸರು ಮಾತ್ರ.

ಹಾಲವ್ವನ ಮನೆಗೆ ಹೋಗಲು ನನಗೆ ಧೈರ್ಯ ಬರಲಿಲ್ಲ. ಗೋಡೆಗೆ ಗೋಡೆ ತಾಗಿದ ಮನೆ. ಬೆಳಿಗ್ಗೆ ಅಮೋಘಸಿದ್ಧ ಕುರಿ ಬಿಡುವ ಸದ್ದು ಕೇಳಿದರೆ ಒಳಗೇ ಇರುತ್ತಿದ್ದೆ. ಅವರಿಗೆ ಮಕ್ಕಳಿರಲಿಲ್ಲ. ಅವನು ತಾನೇ ರೊಟ್ಟಿ ಬಡಿದುಕೊಳ್ಳುತ್ತಿದ್ದ, ಆ ಸದ್ದು ಅಡುಗೆಮನೆಯ ಗೋಡೆಯ ಮೂಲಕ ಬರುತ್ತಿತ್ತು.

ಆ ದಿನ ಹೊಲದಲ್ಲಿದ್ದವರಲ್ಲಿ ಬದುಕಿದವಳು ಗುರಬಾಯಿ ಎಂಬ ಮುದುಕಿ. ಎಳ್ಳಮಾವಾಸ್ಯೆಯ ಹೊತ್ತಿಗೆ ಒಂದು ದಿನ ಅವಳೇ ನಮ್ಮ ಕಟ್ಟೆಗೆ ಬಂದು ಕೂತಳು. ನೀರು ಕೇಳಿದಳು, ಕೊಟ್ಟೆ. ಕುಡಿದು, ತಂಬಿಗೆ ಕೆಳಗಿಟ್ಟು, ತಾನಾಗಿಯೇ ಹೇಳತೊಡಗಿದಳು.

“ಗಾಳಿ ನಿಂತಿತ್ತವ್ವಾ. ನನ್ನ ತೋಳಿನ ಕೂದಲ ಎದ್ದು ನಿಂತುವು. ನಮ್ಮ ಕಾಲದಾಗ ಹಂಗಾತಂದ್ರ ಗಂಟು ಬಿಟ್ಟು ಓಡತಿದ್ವಿ. ನಡೀರಿ ಎವ್ವಾ, ಮನೀಗಿ ಹೋಗೂನು ಅಂದೆ. ಹಾಲವ್ವ ಮಣಿ ಹಿಡದು ನೋಡಿಕೊಂಡ್ಲು. ಸುಮ್ಮನೈತಿ ಆಯಿ, ಅಂದ್ಲು. ಇನ್ನೆರಡು ಸಾಲು ಮುಗಿಸಿ ಹೋಗೂನು ಅಂದ್ಲು.” ಗುರಬಾಯಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. “ನಾ ಹೆದರಬುರಕಿ, ಎದ್ದೆ. ಹಿಂದಿಂದ ಆಕಿ ನಕ್ಕೋತ ಅಂದ್ಲು, ಆಯೀ, ನಮ್ಮ ನೀಲಕ್ಕ ಮ್ಯಾಲ ಕುಂತಾಳ, ನಮ್ಮನ್ನ ಬಿಟ್ಟಾಳೇನು ಅಂತ.”

ನನಗೆ ಕಟ್ಟೆಯ ಮೇಲೆ ಕೂತಿರಲು ಆಗಲಿಲ್ಲ. ಒಳಗೆ ಹೋದೆ. ಶರಣಬಸಪ್ಪ ಒಳಗಿದ್ದರು, ಎಲ್ಲ ಕೇಳಿಸಿಕೊಂಡಿದ್ದರು. ಅಡುಗೆಮನೆಯ ನೆಲದ ಮೇಲೆ ಕೂತು ನಾನು ಅತ್ತೆ. ಅವರು ಬಂದು ಪಕ್ಕದಲ್ಲಿ ಕೂತರು. ಮುಟ್ಟಲಿಲ್ಲ. ಎದ್ದೂ ಹೋಗಲಿಲ್ಲ.

ಮರುದಿನ ನಾನೇ ಮೊದಲು ಮಾತು ತೆಗೆದೆ. “ಮಣಿಗೆ ಕೂಗೋದು ಒಂದೇ ಗೊತ್ತು. ರೇಡಾರು ಸತ್ತಿದ್ರೂ ಅದು ಸುಮ್ಮನಿರ್ತದ, ಸಿಡಿಲು ಇಲ್ಲದಿದ್ರೂ ಸುಮ್ಮನಿರ್ತದ. ತಪ್ಪು ಅಲ್ಲಿ ಐತಿ. ಸಪ್ಲೈ ನಡೀತಿರೋತನಕ ಮಣಿ ಬಡೀತಾ ಇರಬೇಕು. ಅರ್ಧ ನಿಮಿಷಕ್ಕೊಮ್ಮೆ, ನಾಡಿ ಬಡಿದಂಗ. ಸಪ್ಲೈ ನಿಂತ್ರ ಅದೂ ನಿಂತುಬಿಡಬೇಕು. ನಿಂತದ್ದೇ ಸುದ್ದಿ.”

“ಇಷ್ಟು ಸಣ್ಣ ಮಾತು ಮೊದಲ ಯಾಕ ಹೊಳೀಲಿಲ್ಲ?” ಎಂದರು. ಬೈಯಲು ಕೇಳಿದ್ದಲ್ಲ. ತಮ್ಮನ್ನೂ ಸೇರಿಸಿಕೊಂಡೇ ಕೇಳಿದರು.

ಮೇಲಿನವರು ಸುಲಭಕ್ಕೆ ಒಪ್ಪಲಿಲ್ಲ. ಸದಾ ಬಡಿಯುವ ಮಣಿಗೆ ಬ್ಯಾಟರಿ ಬೇಗ ಮುಗಿಯುತ್ತದೆ, ವಾರಕ್ಕೊಮ್ಮೆ ಚಾರ್ಜು ಮಾಡಬೇಕು, ಹಳ್ಳಿಯ ಜನ ಅದನ್ನೆಲ್ಲ ಮಾಡುವುದಿಲ್ಲ ಎಂದರು. ವಾರಕ್ಕೇಳು ದಿನ ಫೋನು ಚಾರ್ಜು ಮಾಡುವವರು ಇದನ್ನು ಯಾಕೆ ಮಾಡುವುದಿಲ್ಲ ಎಂದು ಶರಣಬಸಪ್ಪ ಮೂರು ಸಭೆಗಳಲ್ಲಿ ಎದ್ದು ನಿಂತು ಕೇಳಿದರು. ಒಂದು ವರ್ಷ ಹೋಯಿತು. ಆ ವರ್ಷವೂ ಮಳೆ ಬಂತು, ಸಪ್ಲೈ ಎರಡು ಸಲ ಬೀಗ ಹಾಕಿಕೊಂಡಿತು. ಆ ಎರಡು ಸಲವೂ ಮೋಡವಿರಲಿಲ್ಲ. ನಮ್ಮ ಪುಣ್ಯವೋ ಏನೋ.

ಮರುವರ್ಷ ಏಪ್ರಿಲ್ಲಿನಲ್ಲಿ ಹೊಸ ಮಣಿಗಳು ಬಂದವು. ಕೆಪಾಸಿಟರುಗಳಲ್ಲಿ ವೋಲ್ಟು ಸರಿಯಾಗಿದ್ದಾಗ ಮಾತ್ರ ಬಡಿತ ಹೊರಡುವಂತೆ ತಂತಿಯನ್ನು ನಾನೇ ಜೋಡಿಸಿದೆ. ಶರಣಬಸಪ್ಪ ಊರೂರಿಗೆ ಹೋಗಿ, ಗೋಡೆಯ ಮೇಲೆ ಏನೂ ಬರೆಯದೆ, ಒಬ್ಬೊಬ್ಬರ ಕೈಯಲ್ಲಿ ಮಣಿಯಿಟ್ಟು ಬಡಿತ ಮುಟ್ಟಿಸಿ ಹೇಳಿದರು, “ಇದು ಕೂಗಿದ್ರೂ ಓಡ್ರಿ, ನಿಂತ್ರೂ ಓಡ್ರಿ. ಕೂದಲ ನಿಂತ್ರ ಇದರ ಮಾತೂ ಕೇಳಬ್ಯಾಡ್ರಿ, ಓಡ್ರಿ.”

ಅಮೋಘಸಿದ್ಧನಿಗೆ ಕೊಡಲು ನಾನೇ ಹೋದೆ. ಎರಡು ವರ್ಷದಲ್ಲಿ ಮೊದಲ ಸಲ ಆ ಬಾಗಿಲ ಮುಂದೆ ನಿಂತದ್ದು. ಮಣಿ ಕೊಡುವ ಮೊದಲು ಕೀಲಿಯ ವಿಷಯ ಹೇಳಿದೆ. ಹೇಳಿದ್ದು ಅವನಿಗೆ ಎಷ್ಟು ತಿಳಿಯಿತೋ. ಕುರಿಯ ಉಣ್ಣೆ ಬಿಡಿಸುತ್ತಾ ಕೇಳಿಸಿಕೊಂಡ.

“ಅಂದ್ರ ನೀವು ಹದಿನಾಕು ನಿಮಿಷ ಕುಂತಿದ್ರಿ,” ಎಂದ.

“ಹೌದು ಅಮೋಘಣ್ಣ.”

ಮಣಿ ಇಸಕೊಂಡು ಅಂಗಿಯ ಕಿಸೆಗೆ ಹಾಕಿಕೊಂಡ. ಕೊರಳಿಗೆ ಕಟ್ಟಲಿಲ್ಲ.

ಮೇ ಕೊನೆಯ ವಾರ ಮಧ್ಯಾಹ್ನ ಎರಡು ಗಂಟೆಗೆ ಮತ್ತೆ ಹಾರೆ ಬಿತ್ತು. ಮೂರು ಸಲ. ಕಟ್ಟಡದ ಕರೆಂಟು ಹೋಯಿತು. ಗಡಿಯಾರ ಹನ್ನೆರಡರಿಂದ ಎಣಿಸತೊಡಗಿತು. ಮೋಡ ಊರಿನ ಮೇಲೆಯೇ ಇತ್ತು. ನಾನು ಕೋಲು ಹಿಡಿದು ಒಳಗೆ ಹೋಗಿ, ಮುಟ್ಟಿ, ಮತ್ತೆ ಮುಟ್ಟಿ, ಹೊರಗೆ ಬಂದು ಕೂತೆ. ಎಂಟನೆಯ ನಿಮಿಷಕ್ಕೆ ಫೋನು ಬಂತು. ಶರಣಬಸಪ್ಪನವರದು.

“ಹೊಲ ಎಲ್ಲಾ ಖಾಲಿ ಆಗ್ಯಾವ. ಎಲ್ಲಾರೂ ಒಳಗ ಅದಾರ. ನೀ ಗಾಬರಿ ಆಗಬ್ಯಾಡ,” ಎಂದರು. ಆಮೇಲೆ, “ಅದು ಕಾಯೋತನಕ ನಾ ಲೈನಿನ್ಯಾಗ ಇರ್ತೀನಿ,” ಎಂದರು. ಇದ್ದರು. ಅವರ ಕಡೆಯ ಗುಡುಗು ಫೋನಿನಲ್ಲಿ ಕೇಳುತ್ತಿತ್ತು, ಅದೇ ಗುಡುಗು ನನ್ನ ಕಿಟಕಿಗೂ ಬರುತ್ತಿತ್ತು. ಆ ಹದಿನಾಲ್ಕು ನಿಮಿಷದಲ್ಲಿ ನಮ್ಮ ಸರಹದ್ದಿನಲ್ಲಿ ಐದು ಸಿಡಿಲು ಬಿದ್ದವು. ಯಾರೂ ಸಾಯಲಿಲ್ಲ.

ಸಂಜೆ ಇಳಿದು ಬಂದಾಗ ಅಮೋಘಸಿದ್ಧ ತನ್ನ ಕಟ್ಟೆಯ ಮೇಲೆ ಕೂತಿದ್ದ. ಮಣಿ ಅವನ ಅಂಗೈಯಲ್ಲಿತ್ತು, ಬಡಿಯುತ್ತಿತ್ತು. “ಅಕ್ಕಾರ, ನಿಲ್ರಿ,” ಎಂದ. ನಿಂತೆ.

“ಇದು ನಿಂತಾಗ ನಾ ಆ ಈರುಳ್ಳಿ ಹೊಲದಾಗ ಇದ್ದೆ. ಕುರಿ ಹೊಡಕೊಂಡು ಹೋಗಿದ್ದೆ. ಅಲ್ಲಿಂದ ಮನೀಗೆ ಬಂದೆ.”

“ಓಡಿ ಬಂದ್ರಲ್ಲ, ಒಳ್ಳೇದಾತು.”

“ಓಡಲಿಲ್ರಿ. ನಡಕೋತ ಬಂದೆ. ಆಕಿ ನಡದಂಗ ನಡದೆ. ಆಕಿ ಮೆಲ್ಲಕ ನಡೀತಿದ್ಲು, ನಿಮಗ ಗೊತ್ತೈತೆಲ್ಲ.” ಅವನು ಅಂಗೈ ನೋಡುತ್ತಲೇ ಇದ್ದ. “ಬಂದು ಕಾಲು ತೊಳಕೊಂಡೆ. ನೀರು ಕುಡದೆ. ಫೋನಿನಾಗ ಟೈಮು ನೋಡಿದೆ, ಏಳು ನಿಮಿಷ ಆಗಿತ್ತು. ಆಮ್ಯಾಲ ಒಳಗ ಕುಂತೆ. ಕುಂತಽ ಕುಂತೆ. ಇದು ಇನ್ನೂ ಬಡೀಲಿಲ್ಲ.”

ಆ ದಿನ ರೇಡಾರು ನಿಂತ ಒಂಬತ್ತನೆಯ ನಿಮಿಷಕ್ಕೆ ಸಿಡಿಲು ಬಿದ್ದಿತ್ತು.

“ಓಡೋದೂ ಬ್ಯಾಡಾಗಿತ್ರಿ ಆಕಿ,” ಎಂದ ಅಮೋಘಸಿದ್ಧ. “ಎದ್ದಿದ್ರ ಸಾಕಾಗಿತ್ತು.”